ಹಳೆಯ ದೂರವಾಣಿಯೊಳಗಿನ ಅಮಾನತ್ತು

ಒಂದು ವಸ್ತು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಬರುವಾಗ ಅದರೊಂದಿಗೆ ಏನೇನು ಬರುತ್ತದೆ, ಏನೇನು ಬರುವುದಿಲ್ಲ ಎಂಬ ಪ್ರಶ್ನೆಯನ್ನು ನಮ್ಮ ಫಿಕ್‌ಹ್ ಗ್ರಂಥಗಳು ಕ್ರಯವಿಕ್ರಯದ ಅಧ್ಯಾಯದಲ್ಲಿ ವಿವರವಾಗಿ ಚರ್ಚಿಸುತ್ತವೆ. ಮನೆಯೊಂದನ್ನು ಮಾರಿದರೆ ಅದರ ಬಾಗಿಲು, ಗೋಡೆಗೆ ಜಡಿದ ಹಲಗೆ ಇವೆಲ್ಲ ಖರೀದಿಸಿದವನಿಗೆ ಸೇರುತ್ತವೆ. ಒಳಗಿರುವ ಹಾಸಿಗೆ, ಪಾತ್ರೆಪಗಡಗಳು ಮಾರಿದವನದ್ದಾಗಿಯೇ ಉಳಿಯುತ್ತವೆ. ಮದ್ರಸದಲ್ಲಿ ಈ ಪಾಠ ಹೇಳುವಾಗ ಹುಡುಗರು ಆಕಳಿಸುವುದುಂಟು. ಮನೆ ಕೊಳ್ಳುವ ಮಾತು ಅವರ ಪಾಲಿಗೆ ಬಹುದೂರದ್ದು. ಆದರೆ ಕಳೆದ ವರ್ಷ ನಮ್ಮ ಮನೆಗೆ ಬಂದ ಎರಡು ಹಳೆಯ ಕಚೇರಿ ದೂರವಾಣಿಗಳು ಅದೇ ಪಾಠವನ್ನು ನಮ್ಮ ಊಟದ ಮೇಜಿನ ಮೇಲೆ ತಂದಿಟ್ಟವು. ಅವುಗಳನ್ನು ಮನೆಯಲ್ಲಿ ಅಳವಡಿಸಿದ ಬಗೆಯನ್ನೂ, ಅಳವಡಿಸುವಾಗ ಎದುರಾದ ಒಂದು ಧರ್ಮಸೂಕ್ಷ್ಮವನ್ನೂ ಓದುಗ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ಯಾಕೆ ಬೇಕಾಯಿತು?

ನಮ್ಮ ಉಮ್ಮನಿಗೆ 78 ವರ್ಷ. ಅವರ ಮೂವರು ಮಕ್ಕಳಲ್ಲಿ ನಾವು ಹಿರಿಯರು, ಅವರೊಂದಿಗೆ ಕರಾವಳಿಯ ಊರಿನಲ್ಲಿದ್ದೇವೆ. ತಂಗಿ ಮೂಡಿಗೆರೆಯ ಕಡೆಯ ಕಾಫಿ ತೋಟದ ಊರಿನಲ್ಲಿ ಸಂಸಾರ ಹೂಡಿದ್ದಾಳೆ. ತಮ್ಮ ಸೌದಿಯ ದಮ್ಮಾಮ್‌ನಲ್ಲಿ ದುಡಿಯುತ್ತಿದ್ದಾನೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಚಿತ್ರ ಇದೇ ಅಲ್ಲವೇ? ಒಂದು ಕಾಲು ಮಣ್ಣಿನಲ್ಲಿ, ಇನ್ನೊಂದು ಮರಳಿನಲ್ಲಿ.

ಮೊದಲು ಮನೆಯಲ್ಲಿ ತಂತಿಯ ದೂರವಾಣಿ ಇತ್ತು. ಅದು ಬಾರಿಸಿದಾಗ ಉಮ್ಮ ಸೆರಗು ಸರಿಪಡಿಸಿಕೊಂಡು, ಕುರ್ಚಿ ಎಳೆದುಕೊಂಡು, ರಿಸೀವರನ್ನು ಎರಡೂ ಕೈಯಿಂದ ಹಿಡಿದು ಮಾತನಾಡುತ್ತಿದ್ದರು. ರಸ್ತೆ ಅಗಲಗೊಳಿಸಿದಾಗ ಕಡಿದುಹೋದ ತಾಮ್ರದ ಕೇಬಲ್ಲನ್ನು ಮರಳಿ ಜೋಡಿಸಲು ಯಾರೂ ಬರಲಿಲ್ಲ. ಆಮೇಲೆ ಉಮ್ಮನ ಕೈಗೆ ಮೊಬೈಲು ಬಂತು. ಬೆರಳು ಮುಟ್ಟಿದರೆ ಕೆಲಸ ಮಾಡುವ ಆ ಗಾಜಿನ ಪರದೆ ಚರ್ಮದ ತೇವಾಂಶವನ್ನೂ ಅದರೊಳಗಿನ ಅಲ್ಪ ವಿದ್ಯುತ್ ಗುಣವನ್ನೂ ಅವಲಂಬಿಸಿರುತ್ತದೆ. ವಯಸ್ಸಾದವರ ಒಣಗಿದ ಬೆರಳನ್ನು ಅದು ಹಲವು ಸಲ ಗುರುತಿಸುವುದೇ ಇಲ್ಲ. ಗುರುತಿಸಿದಾಗ ನಡುಗುವ ಕೈ ಬೇರೆಲ್ಲೋ ಒತ್ತಿರುತ್ತದೆ. ತಮ್ಮ ಕರೆ ಮಾಡುತ್ತಿದ್ದಾನೆಂದು ಪರದೆಯಲ್ಲಿ ಅವನ ಚಿತ್ರ ಕಾಣುತ್ತಿದ್ದಂತೆಯೇ ಉಮ್ಮ ಒತ್ತುತ್ತಿದ್ದುದು ಕೆಂಪು ಗುರುತನ್ನು. "ಅವನೇ ಇಟ್ಟುಬಿಟ್ಟ" ಎಂದು ನೊಂದುಕೊಳ್ಳುತ್ತಿದ್ದರು. ಅತ್ತ ದಮ್ಮಾಮ್‌ನಲ್ಲಿ ಅವನು ಉಮ್ಮನಿಗೆ ತನ್ನ ಮೇಲೆ ಮುನಿಸಿರಬಹುದೇ ಎಂದು ನಮ್ಮನ್ನು ವಿಚಾರಿಸುತ್ತಿದ್ದ. ಮೂಡಿಗೆರೆಯ ತಂಗಿಯದ್ದು ಇನ್ನೊಂದು ಬಗೆ. ಆ ಗುಡ್ಡಗಳ ನಡುವೆ ಮೊಬೈಲ್ ಸಂಕೇತ ಬಂದುಹೋಗುತ್ತಿರುತ್ತದೆ. ಮನೆಗೆ ಫೈಬರ್ ಇಂಟರ್ನೆಟ್ ಮಾತ್ರ ಇದೆ.

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ತಂಗಿಯ ಮಗ ಇದನ್ನೆಲ್ಲ ನೋಡಿ ಒಂದು ಉಪಾಯ ಹೇಳಿದ. "ಮಾಮಾ, ಆಫೀಸುಗಳಲ್ಲಿ ಮೇಜಿನ ಮೇಲೆ ಇರುತ್ತದಲ್ಲ, ಇಂಟರ್ನೆಟ್ ಫೋನು, ಅದನ್ನು ಅಜ್ಜಿಗೆ ಹಾಕಿಸೋಣ. ದೊಡ್ಡ ಗುಂಡಿ, ದೊಡ್ಡ ರಿಸೀವರು. ಎಸ್‌.ಪಿ. ರೋಡಿನಲ್ಲಿ ಹಳೆಯದು ಸಿಗುತ್ತದೆ" ಎಂದ. ಸಾದರ ಪತ್ರಪ್ಪ ರಸ್ತೆಯಲ್ಲಿ ಹಳೆಯ ವಿದ್ಯುನ್ಮಾನ ಸಾಮಗ್ರಿಗಳು ಗುಡ್ಡೆ ಗುಡ್ಡೆಯಾಗಿ ಬಿದ್ದಿರುತ್ತವೆಂಬುದು ಬೆಂಗಳೂರು ಬಲ್ಲವರಿಗೆಲ್ಲ ತಿಳಿದ ವಿಷಯ. ಕಚೇರಿಗಳು ಸ್ಥಳ ಬದಲಿಸಿದಾಗ, ನೌಕರರು ಮನೆಯಿಂದಲೇ ಕೆಲಸ ಮಾಡತೊಡಗಿದಾಗ ಮೇಜಿನ ಮೇಲಿನ ದೂರವಾಣಿಗಳು ಗೋಣಿಚೀಲ ತುಂಬಿ ಅಲ್ಲಿಗೆ ಬರುತ್ತವೆ. ಅವನು ಎರಡನ್ನು ಆರಿಸಿ, ಎರಡಕ್ಕೂ ಸೇರಿ 1,900 ರೂಪಾಯಿ ಕೊಟ್ಟು, ಅಂಗಡಿಯವನಿಂದ ಚೀಟಿ ಬರೆಸಿಕೊಂಡು ತಂದ. ಒಂದು ನಮ್ಮ ಮನೆಗೆ, ಒಂದು ಅವನ ತಾಯಿಯ ಮನೆಗೆ.

ಇದು ಎಂತಹ ದೂರವಾಣಿ?

ಹೊರನೋಟಕ್ಕೆ ಇದು ಹಳೆಯ ದೂರವಾಣಿಯಂತೆಯೇ ಇದೆ. ಆದರೆ ಹಿಂಭಾಗದ ತೂತು ಬೇರೆ. ಹಳೆಯ ತಂತಿಯ ಸಣ್ಣ ಪ್ಲಗ್ಗು ಇದಕ್ಕೆ ಸೇರುವುದಿಲ್ಲ. ಕಂಪ್ಯೂಟರಿಗೆ ಹಾಕುವ ಅಗಲವಾದ ನೆಟ್‌ವರ್ಕ್ ಕೇಬಲ್ಲು ಬೇಕು. ಹಳೆಯ ದೂರವಾಣಿ ಧ್ವನಿಯನ್ನು ತಂತಿಯ ವಿದ್ಯುತ್ತಾಗಿ ಕಳುಹಿಸುತ್ತಿತ್ತು. ಇದು ಧ್ವನಿಯನ್ನು ಅಂಕಿಗಳನ್ನಾಗಿ ಮಾಡಿ, ಆ ಅಂಕಿಗಳನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ ಇಂಟರ್ನೆಟ್ ಮೂಲಕ ಸಾಗಿಸುತ್ತದೆ. ಜಿ.711 ಎಂಬ ಸಾಮಾನ್ಯ ವಿಧಾನದಲ್ಲಿ ಒಂದು ಸೆಕೆಂಡಿಗೆ 8,000 ಸಲ ಧ್ವನಿಯನ್ನು ಅಳೆಯಲಾಗುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 50 ಪೊಟ್ಟಣಗಳು ಹೊರಡುತ್ತವೆ. ಮೇಲ್ವಿಳಾಸದ ಭಾರವೂ ಸೇರಿದರೆ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 80 ಕಿಲೋಬಿಟ್. ಒಂದು ಗಂಟೆ ಮಾತನಾಡಿದರೆ ಎರಡೂ ದಿಕ್ಕು ಕೂಡಿ ಸುಮಾರು 70 ಮೆಗಾಬೈಟ್. ವಿಡಿಯೊ ನೋಡುವ ಮನೆಗಳಿಗೆ ಇದೊಂದು ಖರ್ಚೇ ಅಲ್ಲ.

ಕರೆಯನ್ನು ಕೂಡಿಸುವ, ಬಾರಿಸುವ, ಮುಗಿಸುವ ಕೆಲಸಕ್ಕೆ ಸಿಪ್ ಎಂಬ ನಿಯಮಾವಳಿಯಿದೆ. ಈಗ ಬಳಕೆಯಲ್ಲಿರುವ ಅದರ ಮುಖ್ಯ ರೂಪ 2002ರಲ್ಲಿ ಪ್ರಕಟವಾಯಿತು. ಅದು ಮುಕ್ತ ನಿಯಮಾವಳಿಯಾದುದರಿಂದ ಸಿಸ್ಕೊ, ಪಾಲಿಕಾಮ್, ಗ್ರಾಂಡ್‌ಸ್ಟ್ರೀಮ್, ಯೀಲಿಂಕ್ ಮುಂತಾದ ಬೇರೆ ಬೇರೆ ತಯಾರಕರ ಉಪಕರಣಗಳು ಒಂದಕ್ಕೊಂದು ಮಾತನಾಡಬಲ್ಲವು. ನಮಗೆ ಸಿಕ್ಕಿದ್ದು ಯೀಲಿಂಕ್. ಹಳೆಯದನ್ನು ಕೊಳ್ಳುವವರು ನೆನಪಿಡಬೇಕಾದ ಒಂದು ಮಾತಿದೆ: ಸಿಸ್ಕೊ ಕಂಪನಿಯ ಕೆಲವು ಹಳೆಯ ದೂರವಾಣಿಗಳು ಆ ಕಂಪನಿಯದ್ದೇ ಬೇರೆ ನಿಯಮಾವಳಿಯಲ್ಲಿ ನಡೆಯುವಂತಹವು, ಅವುಗಳಿಗೆ ಸಿಪ್ ತಂತ್ರಾಂಶ ತುಂಬದ ಹೊರತು ಮನೆಯಲ್ಲಿ ಉಪಯೋಗವಿಲ್ಲ.

ವಿದ್ಯುತ್ತಿನ ವಿಷಯದಲ್ಲೂ ಎಚ್ಚರ ಬೇಕು. ಕಚೇರಿಗಳಲ್ಲಿ ಈ ದೂರವಾಣಿಗಳಿಗೆ ಬೇರೆ ಅಡಾಪ್ಟರ್ ಇರುವುದಿಲ್ಲ. ನೆಟ್‌ವರ್ಕ್ ಕೇಬಲ್ಲಿನಲ್ಲಿಯೇ ಸುಮಾರು 48 ವೋಲ್ಟ್ ವಿದ್ಯುತ್ತು ಹರಿದು ಬರುವ ವ್ಯವಸ್ಥೆ ಅಲ್ಲಿರುತ್ತದೆ. ಆದ್ದರಿಂದಲೇ ಗೋಣಿಚೀಲದಲ್ಲಿ ದೂರವಾಣಿ ಸಿಗುತ್ತದೆ, ಅಡಾಪ್ಟರ್ ಸಿಗುವುದಿಲ್ಲ. ಮನೆಯ ಸಾಮಾನ್ಯ ರೌಟರ್ ಹಾಗೆ ವಿದ್ಯುತ್ತು ಕೊಡುವುದಿಲ್ಲ. ನಮ್ಮ ದೂರವಾಣಿಗೆ 5 ವೋಲ್ಟಿನ ಅಡಾಪ್ಟರ್ ಸಾಕಾಯಿತು. ಬೇರೆ ತಯಾರಕರದ್ದಕ್ಕೆ 12, 24 ಅಥವಾ 48 ವೋಲ್ಟ್ ಬೇಕಾಗಬಹುದು. ಉಪಕರಣದ ಬೆನ್ನಿನ ಮೇಲೆ ಬರೆದಿರುವುದನ್ನು ಓದದೆ, ಪ್ಲಗ್ಗು ಹೊಂದುತ್ತದೆಂದು ಯಾವುದೋ ಅಡಾಪ್ಟರನ್ನು ಸಿಕ್ಕಿಸಿದರೆ ಉಪಕರಣ ಸುಟ್ಟುಹೋದೀತು.

ಪರದೆಯ ಮೇಲೆ ಕಂಡದ್ದು

ಮಗ್ರಿಬ್ ನಮಾಝಿನ ಬಳಿಕ ಮೊದಲ ದೂರವಾಣಿಗೆ ಕೇಬಲ್ಲು ಸಿಕ್ಕಿಸಿದೆವು. ಪರದೆ ಬೆಳಗಿತು. ಒಂದೆರಡು ನಿಮಿಷದಲ್ಲಿ ಅದರ ಮೇಲೆ ಯಾವುದೋ ಸಂಸ್ಥೆಯ ಹೆಸರು, ಕೆಳಗೆ ಒಬ್ಬ ಮಹಿಳೆಯ ಹೆಸರು ಮೂಡಿದವು. ಮೂಲೆಯಲ್ಲಿ ದೂರವಾಣಿಯ ಪುಟ್ಟ ಗುರುತು ಸ್ಥಿರವಾಗಿ ನಿಂತಿತು. ತಂಗಿಯ ಮಗ ಒಮ್ಮೆಲೇ ನೆಟ್ಟಗೆ ಕುಳಿತ.

"ಮಾಮಾ, ಇದು ಇನ್ನೂ ಹಳೆಯ ಆಫೀಸಿನ ಖಾತೆಗೇ ಸೇರಿಕೊಂಡಿದೆ!"

ಅದರ ಅರ್ಥವನ್ನು ಅವನು ವಿವರಿಸಿದ. ಆ ಸಂಸ್ಥೆಯ ದೂರವಾಣಿ ವಿನಿಮಯ ಕೇಂದ್ರ ಅವರ ಕಟ್ಟಡದೊಳಗಿಲ್ಲ. ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಪಡೆದದ್ದು. ಖಾತೆಯ ಹೆಸರು, ಗುಪ್ತಪದ ಎರಡೂ ಈ ಉಪಕರಣದ ನೆನಪಿನಲ್ಲಿಯೇ ಉಳಿದಿವೆ. ಹಾಗಾಗಿ ಇದನ್ನು ಲೋಕದ ಯಾವ ಮೂಲೆಯಲ್ಲಿ ಸಿಕ್ಕಿಸಿದರೂ ಇದು ಆ ಕಚೇರಿಯ ಮೇಜಿನ ಮೇಲಿದ್ದಂತೆಯೇ ವರ್ತಿಸುತ್ತದೆ. ರಿಸೀವರ್ ಎತ್ತಿದೆವು, ಡಯಲ್ ನಾದ ಕೇಳಿಸಿತು. ದೂರವಾಣಿ ಪುಸ್ತಕದಲ್ಲಿ ಹತ್ತಾರು ಹೆಸರುಗಳು. ಹೊರಹೋದ ಕರೆಗಳ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿಯೇ "ಮಗಳ ಶಾಲೆ" ಎಂದಿತ್ತು. ಅಲ್ಲಿಗೆ ನಾವು ಓದುವುದನ್ನು ನಿಲ್ಲಿಸಿದೆವು.

ಹುಡುಗ ಮೆಲ್ಲನೆ, ಅರ್ಧ ತಮಾಷೆಯಾಗಿ, ಇನ್ನರ್ಧ ಆಸೆಯಿಂದ ಹೇಳಿದ: "ಇದರಿಂದ ಸೌದಿಯ ಮಾಮನ ನಂಬರಿಗೇ ನೇರ ಹಚ್ಚಬಹುದು. ಅಜ್ಜಿಗೆ ಏನೂ ಕಲಿಸಬೇಕಾಗಿಲ್ಲ. ನಾವು ಕದ್ದದ್ದಲ್ಲವಲ್ಲ, ದುಡ್ಡು ಕೊಟ್ಟು ತಂದದ್ದು. ಒಳಗಿರುವುದೂ ನಮ್ಮದೇ ಆಗುವುದಿಲ್ಲವೇ?"

ಪಕ್ಕದ ಕುರ್ಚಿಯಲ್ಲಿ ಉಮ್ಮ ಕುಳಿತಿದ್ದರು. ಎಷ್ಟೋ ದಿನಗಳಿಂದ ಅವರು ಮಗನ ಸ್ವರವನ್ನು ಮನಸ್ಸು ತುಂಬ ಕೇಳಿರಲಿಲ್ಲ. ಎದುರಿಗೆ ಅವರಿಗೆ ಒಗ್ಗುವ ರಿಸೀವರು, ಅದರಲ್ಲಿ ಜೀವಂತ ಡಯಲ್ ನಾದ. ಹುಡುಗನ ಪ್ರಶ್ನೆಯನ್ನು ಗದರಿ ಮುಚ್ಚಿಹಾಕುವುದು ಸುಲಭವಿತ್ತು. ಆದರೆ ಅದು ಕಳ್ಳನ ಪ್ರಶ್ನೆಯಾಗಿರಲಿಲ್ಲ. ಉತ್ತರಕ್ಕೆ ಅರ್ಹವಾದ ಪ್ರಶ್ನೆಯಾಗಿತ್ತು. ಆದ್ದರಿಂದ ಉತ್ತರಿಸಿದೆವು.

ಅಬೂಹುರೈರಾ(ರ) ವರದಿ ಮಾಡಿರುವ, ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿರುವ ಒಂದು ಪ್ರಸಂಗವನ್ನು ಪ್ರವಾದಿ(ಸ) ತಮ್ಮ ಅನುಚರರಿಗೆ ಹೇಳಿದ್ದರು. ಹಿಂದಿನ ಕಾಲದ ಒಬ್ಬ ವ್ಯಕ್ತಿ ಇನ್ನೊಬ್ಬನಿಂದ ಭೂಮಿ ಕೊಂಡ. ಅದರಲ್ಲಿ ಚಿನ್ನ ತುಂಬಿದ ಕೊಡವೊಂದು ಸಿಕ್ಕಿತು. ಅವನು ಅದನ್ನು ಮಾರಿದವನ ಬಳಿಗೆ ಒಯ್ದು, ತಾನು ಕೊಂಡದ್ದು ಭೂಮಿಯನ್ನು, ಚಿನ್ನವನ್ನಲ್ಲ ಎಂದ. ಮಾರಿದವನು ಭೂಮಿಯನ್ನು ಅದರೊಳಗಿದ್ದುದರ ಸಮೇತ ಮಾರಿದ್ದೇನೆಂದು ಹೇಳಿ ಸ್ವೀಕರಿಸಲು ಒಪ್ಪಲಿಲ್ಲ. ಇಬ್ಬರೂ ತೀರ್ಪಿಗಾಗಿ ಮೂರನೆಯವನ ಬಳಿ ಹೋದರು. ಒಬ್ಬನಿಗೆ ಮಗನೂ ಇನ್ನೊಬ್ಬನಿಗೆ ಮಗಳೂ ಇರುವುದನ್ನು ಕೇಳಿ ತಿಳಿದ ಅವನು, ಅವರಿಬ್ಬರಿಗೆ ಮದುವೆ ಮಾಡಿಸಿ ಚಿನ್ನವನ್ನು ಅವರಿಗಾಗಿ ಖರ್ಚು ಮಾಡುವಂತೆಯೂ ಅದರಿಂದ ದಾನ ನೀಡುವಂತೆಯೂ ಹೇಳಿದ.

ನಾವು ಹುಡುಗನಿಗೆ ಹೇಳಿದೆವು: "ಆ ಕತೆಯಲ್ಲಿ ಮಾರಿದವನು 'ಒಳಗಿದ್ದುದೆಲ್ಲ ನಿನ್ನದೇ' ಎಂದು ಬಾಯಿಬಿಟ್ಟು ಹೇಳಿದ್ದ. ಆದರೂ ಕೊಂಡವನು ಹಿಂಜರಿದ. ನಮಗೆ ಹಾಗೆ ಹೇಳಿದವರು ಯಾರು? ಗುಜರಿಯವನು ನಮಗೆ ಮಾರಿದ್ದು ಪ್ಲಾಸ್ಟಿಕ್ಕು, ಗುಂಡಿ, ಒಳಗಿನ ಹಲಗೆ. ಆ ಖಾತೆಯಿಂದ ಹೋಗುವ ಪ್ರತಿಯೊಂದು ಕರೆಯ ಹಣವನ್ನು ತಿಂಗಳ ಕೊನೆಗೆ ಕಟ್ಟುವವನು ಬೇರೊಬ್ಬ. ತನ್ನದಲ್ಲದ ಆ ಖಾತೆಯನ್ನು ಗುಜರಿಯವನು ಮಾರುವುದಾದರೂ ಹೇಗೆ? ಮನೆ ಕೊಂಡವನಿಗೆ ಒಳಗೆ ಮರೆತುಹೋದ ಬೀರುವಿನ ಕೀಲಿ ಸಿಕ್ಕರೆ ಬೀರುವಿನ ಒಡವೆ ಅವನದ್ದಾಗುತ್ತದೆಯೇ?"

ಅವನು ಸುಮ್ಮನಾದ. ಆದರೆ ನಮ್ಮ ಮನಸ್ಸಿನಲ್ಲಿದ್ದುದು ಹಣವೊಂದೇ ಆಗಿರಲಿಲ್ಲ. ಆ ಹೆಸರುಗಳ ಪಟ್ಟಿಯೂ ಇತ್ತು. ಪರರ ಗುಟ್ಟುಗಳನ್ನು ಕೆದಕುವುದನ್ನು ಪವಿತ್ರ ಕುರ್‌ಆನ್ ಸೂರಾ ಹುಜುರಾತ್‌ನಲ್ಲಿ ನಿಷೇಧಿಸಿದೆ. ನಾವು ಕೆದಕಲು ಹೋಗಿರಲಿಲ್ಲ, ಅದು ತಾನಾಗಿ ಎದುರಿಗೆ ಬಂದಿತ್ತು. ತಾನಾಗಿ ಬಂದದ್ದನ್ನು ಕಂಡೊಡನೆ ಕಣ್ಣು ತಿರುಗಿಸುವುದು ಒಂದು. ಎರಡನೆಯ ಪುಟಕ್ಕೆ ಹೋಗುವುದು ಇನ್ನೊಂದು. ಅಮಾನತ್ತಿನ ಗಡಿ ಈ ಎರಡರ ನಡುವೆ ಇದೆ.

ಮರುದಿನ ಬೆಳಿಗ್ಗೆ ಆ ಸಂಸ್ಥೆಯ ಸ್ವಾಗತ ವಿಭಾಗಕ್ಕೆ ನಮ್ಮ ಮೊಬೈಲಿನಿಂದ ಕರೆ ಮಾಡಿದೆವು. ಮೊದಲು ಅವರಿಗೆ ನಂಬಿಕೆ ಬರಲಿಲ್ಲ. ಏನನ್ನೋ ಮಾರಲು ಬಂದವರೆಂದು ಭಾವಿಸಿದರು. ಉಪಕರಣದ ಬೆನ್ನಿನ ಮೇಲಿನ ಸಂಖ್ಯೆಯನ್ನು ಓದಿ ಹೇಳಿದ ಮೇಲೆ ತಾಂತ್ರಿಕ ವಿಭಾಗದ ಯುವಕನೊಬ್ಬನಿಗೆ ಕೊಟ್ಟರು. ಅವನು ಸ್ವಲ್ಪ ಹೊತ್ತು ಮೌನವಾಗಿದ್ದು, ಶಾಖೆಯೊಂದನ್ನು ಮುಚ್ಚಿದಾಗ ಹಳೆಯ ಸಾಮಾನನ್ನೆಲ್ಲ ಒಟ್ಟಿಗೆ ಕೊಟ್ಟುಬಿಟ್ಟರೆಂದೂ ಖಾತೆಗಳನ್ನು ರದ್ದುಗೊಳಿಸುವುದು ಉಳಿದುಹೋಯಿತೆಂದೂ ಹೇಳಿದ. ಬಳಿಕ, "ಸರ್, ನೀವು ಬಳಸಿದ್ದರೂ ನಮಗೆ ಬೇಗ ಗೊತ್ತಾಗುತ್ತಿರಲಿಲ್ಲ" ಎಂದ. ಆ ಮಾತನ್ನು ನಾವು ತರಗತಿಯಲ್ಲಿ ಆಗಾಗ ನೆನಪಿಸುತ್ತೇವೆ. ಯಾರಿಗೂ ಗೊತ್ತಾಗದ ಕಡೆ ಮನುಷ್ಯ ಏನು ಮಾಡುತ್ತಾನೆಂಬುದೇ ತಕ್ವಾದ ಪರೀಕ್ಷೆ.

ಅಳಿಸುವುದೂ ಒಂದು ಕೆಲಸ

ಖಾತೆ ರದ್ದಾದ ಮೇಲೆ ಉಪಕರಣವನ್ನು ತಯಾರಾದ ದಿನದ ಸ್ಥಿತಿಗೆ ಮರಳಿಸಬೇಕಿತ್ತು. ನಮ್ಮ ಉಪಕರಣದಲ್ಲಿ ನಡುವಿನ ಓಕೆ ಗುಂಡಿಯನ್ನು ಸುಮಾರು ಹತ್ತು ಸೆಕೆಂಡ್ ಒತ್ತಿ ಹಿಡಿದರೆ, ಎಲ್ಲವನ್ನೂ ಅಳಿಸಲೇ ಎಂದು ಕೇಳುತ್ತದೆ. ಒಪ್ಪಿಗೆ ಕೊಟ್ಟೆವು. ಮೊದಲನೆಯದು ಅಳಿಸಿ ಶುದ್ಧವಾಯಿತು. ಎರಡನೆಯದು ಅಳಿಸಿದ ಮೇಲೂ ಐದು ನಿಮಿಷದಲ್ಲಿ ಅದೇ ಸಂಸ್ಥೆಯ ಹೆಸರನ್ನು ಮರಳಿ ತೋರಿಸಿತು!

ಇದರ ಹಿಂದೆ ಒಂದು ವ್ಯವಸ್ಥೆಯಿದೆ. ನೂರಾರು ದೂರವಾಣಿಗಳನ್ನು ಒಂದೊಂದಾಗಿ ಸಿದ್ಧಪಡಿಸುವ ಶ್ರಮ ತಪ್ಪಿಸಲು ಸಂಸ್ಥೆಗಳು ಅವುಗಳ ಸಂಖ್ಯೆಯನ್ನು ತಯಾರಕರ ಸರ್ವರಿನಲ್ಲಿ ನೋಂದಾಯಿಸಿರುತ್ತವೆ. ಹೊಸದಾಗಿ ಎಚ್ಚರಗೊಂಡ ದೂರವಾಣಿ ಮೊದಲು ಆ ಸರ್ವರನ್ನು ಕೇಳುತ್ತದೆ. ಅದು "ನಿನ್ನ ಯಜಮಾನ ಇಂಥಲ್ಲಿದ್ದಾನೆ" ಎಂದು ದಾರಿ ತೋರಿಸುತ್ತದೆ. ದೂರವಾಣಿ ಅಲ್ಲಿಂದ ಹಳೆಯ ಸಿದ್ಧತೆಯನ್ನೆಲ್ಲ ತಂದುಕೊಳ್ಳುತ್ತದೆ. ಹಳೆಯ ಯಜಮಾನ ಬಿಡುಗಡೆ ಮಾಡದ ಹೊರತು ಅದು ಹೊಸಬನದ್ದಾಗುವುದು ಕಷ್ಟ. ಆ ಯುವಕನಿಗೇ ಮತ್ತೆ ಕರೆ ಮಾಡಿದೆವು. ಪರಿಚಯ ಆಗಲೇ ಆಗಿತ್ತು. ಅರ್ಧ ಗಂಟೆಯಲ್ಲಿ ಬಿಡುಗಡೆ ಮಾಡಿಕೊಟ್ಟ. ಹಳೆಯ ಇಂಟರ್ನೆಟ್ ದೂರವಾಣಿ ಕೊಳ್ಳುವವರು ಅಂಗಡಿಯಲ್ಲಿಯೇ ಅದನ್ನು ಇಂಟರ್ನೆಟ್ಟಿಗೆ ಜೋಡಿಸಿ, ಅಳಿಸಿ, ಮರಳಿ ಹಳೆಯ ಹೆಸರು ಬರುತ್ತದೆಯೇ ಎಂದು ನೋಡಿಕೊಂಡು ಹಣ ಕೊಡುವುದು ಒಳಿತು.

ಅಳಿಸಿದ ಉಪಕರಣದ ಗುಪ್ತಪದ ತಯಾರಕರು ಇಟ್ಟ ಸಾಮಾನ್ಯ ಪದವೇ ಆಗಿರುತ್ತದೆ. ಅದು ಲೋಕಕ್ಕೆಲ್ಲ ಗೊತ್ತು. ಆದ್ದರಿಂದ ಮೊದಲ ಕೆಲಸವಾಗಿ ಅದನ್ನು ಬದಲಿಸಬೇಕು. ರೌಟರಿನಲ್ಲಿ ಹೊರಗಿನಿಂದ ದೂರವಾಣಿಗೆ ನೇರ ದಾರಿ ತೆರೆದಿಡಬಾರದು. 5060 ಎಂಬ ಸಿಪ್ ದ್ವಾರ ತೆರೆದಿದೆಯೇ ಎಂದು ತಡಕಾಡುವ ಯಂತ್ರಗಳು ಇಂಟರ್ನೆಟ್ಟಿನಲ್ಲಿ ಹಗಲಿರುಳು ತಿರುಗುತ್ತಿರುತ್ತವೆ. ತೆರೆದಿಟ್ಟ ಮನೆಗಳಲ್ಲಿ ನಡುರಾತ್ರಿ 100, 1001 ಇತ್ಯಾದಿ ಅರ್ಥವಿಲ್ಲದ ಸಂಖ್ಯೆಗಳಿಂದ ದೂರವಾಣಿ ಬಾರಿಸುತ್ತದೆ. ಎತ್ತಿದರೆ ಯಾರೂ ಇರುವುದಿಲ್ಲ. ಇದು ಜಿನ್ನಿನ ಕಾಟವೂ ಅಲ್ಲ, ಮಾಟವೂ ಅಲ್ಲ. ಮುಚ್ಚದ ಬಾಗಿಲಿನ ಫಲ.

ಸ್ವರ ಕೇಳಿಸುವ ತನಕ

ಇನ್ನು ಉಳಿದದ್ದು ನಮ್ಮದೇ ಖಾತೆ. ಉಚಿತವಾಗಿ ಸಿಪ್ ಖಾತೆ ಕೊಡುವ ಸೇವೆಗಳಿವೆ. ಒಂದೇ ಸೇವೆಯ ಖಾತೆಗಳ ನಡುವೆ ಮಾತನಾಡಲು ಹಣವಿಲ್ಲ. ಅಂತಹ ಒಂದರಲ್ಲಿ ಮೂರು ಖಾತೆ ತೆರೆದೆವು. ಕಂಪ್ಯೂಟರಿನ ಬ್ರೌಸರಿನಲ್ಲಿ ದೂರವಾಣಿಯ ಅಂಕಿ ವಿಳಾಸ ಬರೆದರೆ ಅದರ ಒಳಪುಟ ತೆರೆಯುತ್ತದೆ. ಅಲ್ಲಿ ಸರ್ವರಿನ ಹೆಸರು, ಖಾತೆಯ ಹೆಸರು, ಗುಪ್ತಪದ ಈ ಮೂರನ್ನು ತುಂಬಬೇಕು. ಮಾತು ದಾರಿಯಲ್ಲಿ ಪರರ ಕಿವಿಗೆ ಬೀಳದಂತೆ ಗೂಢಲಿಪಿಯ ಆಯ್ಕೆಯನ್ನು ಚಾಲೂಗೊಳಿಸಬೇಕು. ದಮ್ಮಾಮ್‌ನಲ್ಲಿರುವ ತಮ್ಮ ತನ್ನ ಮೊಬೈಲಿನಲ್ಲಿ ಲಿನ್‌ಫೋನ್ ಎಂಬ ಆ್ಯಪ್ ಹಾಕಿಕೊಂಡ.

ಮೂಡಿಗೆರೆಗೆ ಮೊದಲ ಕರೆ ಹೋಯಿತು. ಅಲ್ಲಿ ಬಾರಿಸಿತು, ತಂಗಿ ಎತ್ತಿದಳು. ನಮ್ಮ ಮಾತು ಅವಳಿಗೆ ಕೇಳಿಸುತ್ತದೆ, ಅವಳದ್ದು ನಮಗೆ ಕೇಳಿಸದು! ಈ ತೊಂದರೆ ಇಂಟರ್ನೆಟ್ ದೂರವಾಣಿ ಹಾಕಿಸಿದ ಬಹುತೇಕ ಎಲ್ಲರಿಗೂ ಎದುರಾಗುವಂತಹುದು. ಕಾರಣವನ್ನು ಪತ್ರದ ಹೋಲಿಕೆಯಿಂದ ತಿಳಿಯಬಹುದು. ಮನೆಯೊಳಗೆ ರೌಟರ್ ದೂರವಾಣಿಗೆ ಕೊಡುವ ವಿಳಾಸ ಮನೆಯೊಳಗಷ್ಟೇ ನಡೆಯುವಂತಹದು. "ನಡುಮನೆಯ ಎಡಗಡೆಯ ಕೋಣೆ" ಎಂದ ಹಾಗೆ. ಲಕೋಟೆಯ ಮೇಲಿನ ವಿಳಾಸವನ್ನು ರೌಟರ್ ಸರಿಪಡಿಸಿ ಕಳುಹಿಸುತ್ತದೆ. ಆದರೆ "ನನ್ನ ಮಾತಿಗೆ ಉತ್ತರವನ್ನು ಇಲ್ಲಿಗೆ ಕಳುಹಿಸಿ" ಎಂದು ಪತ್ರದ ಒಳಗೂ ಒಂದು ವಿಳಾಸ ಬರೆದಿರುತ್ತದೆ. ಅದು ಮನೆಯೊಳಗಿನ ವಿಳಾಸವೇ ಆಗಿದ್ದರೆ ಹೊರಗಿನವರಿಗೆ ದಾರಿ ಸಿಗುವುದಿಲ್ಲ. ಇದನ್ನು ಪರಿಹರಿಸಲೆಂದು ಅನೇಕ ರೌಟರುಗಳಲ್ಲಿ ಸಿಪ್ ಎಎಲ್‌ಜಿ ಎಂಬ ಸೌಲಭ್ಯ ಇಟ್ಟಿರುತ್ತಾರೆ. ಅದು ಪತ್ರವನ್ನು ಒಡೆದು ಒಳಗಿನ ವಿಳಾಸ ತಿದ್ದಲು ಹೋಗಿ ಹಲವು ಸಲ ಇನ್ನಷ್ಟು ಕೆಡಿಸುತ್ತದೆ. ರೌಟರಿನಲ್ಲಿ ಅದನ್ನು ನಿಲ್ಲಿಸಿ, ದೂರವಾಣಿಯಲ್ಲಿಯೇ ಹೊರವಿಳಾಸ ಕೇಳಿ ತಿಳಿಯುವ ಸ್ಟನ್ ಎಂಬ ಆಯ್ಕೆ ಹಾಕಿದೊಡನೆ ಎರಡೂ ಕಡೆಯ ಸ್ವರ ಕೇಳಿಸತೊಡಗಿತು. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಒಳಬರುವ ಕರೆ ಬಾರಿಸದಿರುವ ಇನ್ನೊಂದು ತೊಡಕೂ ಇತ್ತು. ಪ್ರತಿ 30 ಸೆಕೆಂಡಿಗೆ ಸರ್ವರಿಗೆ "ಇಲ್ಲಿದ್ದೇನೆ" ಎಂಬ ಸಣ್ಣ ಸಂದೇಶ ಹೋಗುವಂತೆ ಮಾಡಿದ ಮೇಲೆ ಅದೂ ಸರಿಯಾಯಿತು.

ಉಮ್ಮನಿಗೆ ನಿಜವಾದ ಉಪಕಾರವಾದದ್ದು ಬೇರೆಯೇ ಒಂದು ಸಂಗತಿಯಿಂದ. ಹಳೆಯ ತಂತಿಯ ದೂರವಾಣಿ ಸುಮಾರು 300ರಿಂದ 3,400 ಹರ್ಟ್ಸ್ ನಡುವಿನ ನಾದವನ್ನಷ್ಟೇ ಒಯ್ಯುತ್ತಿತ್ತು. ಸ, ಶ, ಫ ಮುಂತಾದ ಉಸಿರಿನ ಅಕ್ಷರಗಳನ್ನು ಒಂದರಿಂದೊಂದು ಬೇರೆಮಾಡುವ ನಾದ ಬಹುಪಾಲು ಅದಕ್ಕಿಂತ ಮೇಲಿರುತ್ತದೆ. ಕಿವಿ ಮಂದವಾದವರು ದೂರವಾಣಿಯಲ್ಲಿ "ಏನು, ಏನು?" ಎಂದು ಕೇಳುತ್ತಲೇ ಇರುವುದಕ್ಕೆ ಇದೂ ಒಂದು ಕಾರಣ. ಕಚೇರಿಯ ಈ ದೂರವಾಣಿಗಳಲ್ಲಿ ಜಿ.722 ಎಂಬ ಇನ್ನೊಂದು ವಿಧಾನವಿದೆ. ಅದು 7,000 ಹರ್ಟ್ಸ್‌ವರೆಗಿನ ನಾದವನ್ನು ಒಯ್ಯುತ್ತದೆ, ಇಂಟರ್ನೆಟ್ ಖರ್ಚು ಮಾತ್ರ ಅಷ್ಟೇ. ಎರಡೂ ಮನೆಗಳ ದೂರವಾಣಿಯಲ್ಲಿ ಅದನ್ನೇ ಮೊದಲ ಆಯ್ಕೆಯಾಗಿಟ್ಟೆವು. ಪರದೆಯ ಪಕ್ಕದ ಎರಡು ಗುಂಡಿಗಳಲ್ಲಿ ಒಂದಕ್ಕೆ ಹಸಿರು ಪಟ್ಟಿ ಅಂಟಿಸಿ ಮಗಳಿಗೆಂದೂ, ಇನ್ನೊಂದಕ್ಕೆ ಬಿಳಿ ಪಟ್ಟಿ ಅಂಟಿಸಿ ಮಗನಿಗೆಂದೂ ಉಮ್ಮನಿಗೆ ತೋರಿಸಿಕೊಟ್ಟೆವು. ಹಸಿರನ್ನು ಒತ್ತಿ, ರಿಸೀವರನ್ನು ಎರಡೂ ಕೈಯಿಂದ ಹಿಡಿದ ಉಮ್ಮ, ಸ್ವಲ್ಪ ಹೊತ್ತು ಕೇಳಿ, ಮಗಳಿಗೆ ಹೇಳಿದ ಮೊದಲ ಮಾತು: "ನಿನಗೆ ಶೀತವಾಗಿದೆಯೇ? ಸ್ವರ ಕಟ್ಟಿದೆಯಲ್ಲ." ತಂಗಿಗೆ ನಿಜವಾಗಿಯೂ ಶೀತವಾಗಿತ್ತು.

ಕಾನೂನೂ ಒಂದು ಕರಾರು

ಗಲ್ಫ್‌ನಲ್ಲಿ ಬಂಧುಗಳಿರುವ ಕುಟುಂಬಗಳಿಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ಸೌದಿ ಅರೇಬಿಯಾ ಇಂಟರ್ನೆಟ್ ಕರೆಗಳ ಮೇಲಿನ ನಿರ್ಬಂಧವನ್ನು 2017ರಲ್ಲಿ ಸಡಿಲಗೊಳಿಸಿ, ಅಲ್ಲಿನ ನಿಯಮಗಳಿಗೆ ಒಳಪಡುವ ಸೇವೆಗಳಿಗೆ ಅವಕಾಶ ಕೊಟ್ಟಿತು. ಯುಎಇಯಲ್ಲಿ ಪರವಾನಗಿ ಪಡೆದ ಸೇವೆಗಳಿಗೆ ಮಾತ್ರ ಅವಕಾಶ. ಒಂದು ದೇಶದ ವೀಸಾ ಪಡೆದು ಅಲ್ಲಿ ಕಾಲಿಡುವುದೆಂದರೆ ಅಲ್ಲಿನ ಕಾನೂನಿಗೆ ಒಪ್ಪಿಗೆ ಕೊಟ್ಟಂತೆ. ಕರಾರನ್ನು ಪಾಲಿಸುವುದು ವಿಶ್ವಾಸಿಯ ಹೊಣೆ. ಆದ್ದರಿಂದ ಅಲ್ಲಿರುವವರು ಕಳ್ಳದಾರಿ ಹುಡುಕದೆ, ಅನುಮತಿಯಿರುವ ಸೇವೆಯನ್ನೇ ಬಳಸಲಿ.

ನಮ್ಮ ದೇಶದಲ್ಲಿ ಇಂಟರ್ನೆಟ್ ಮೂಲಕ ಮಾತನಾಡಲು 2002ರ ಏಪ್ರಿಲ್ 1ರಿಂದ ಅವಕಾಶವಿದೆ. ಒಂದು ಇಂಟರ್ನೆಟ್ ದೂರವಾಣಿಯಿಂದ ಇನ್ನೊಂದಕ್ಕೆ ಮಾತನಾಡುವುದಕ್ಕೆ ಅಡ್ಡಿಯಿಲ್ಲ. ಆದರೆ ಸಿಮ್ ಕಾರ್ಡುಗಳ ಪೆಟ್ಟಿಗೆಯನ್ನು ಜೋಡಿಸಿ, ವಿದೇಶದಿಂದ ಇಂಟರ್ನೆಟ್ಟಿನಲ್ಲಿ ಬರುವ ಕರೆಗಳನ್ನು ಸ್ಥಳೀಯ ಕರೆಗಳಂತೆ ಬದಲಿಸಿಕೊಡುವುದು ಅಪರಾಧ. ಅಂತಹ ಅಕ್ರಮ ವಿನಿಮಯ ಕೇಂದ್ರಗಳ ಮೇಲೆ ಪೊಲೀಸರು ದಾಳಿ ನಡೆಸಿದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. "ಮನೆಯಲ್ಲಿ ಒಂದು ಪೆಟ್ಟಿಗೆ ಇಟ್ಟುಕೊಳ್ಳಿ, ತಿಂಗಳಿಗೆ ಇಷ್ಟು ಕೊಡುತ್ತೇವೆ" ಎಂದು ಯಾರಾದರೂ ಬಂದರೆ, ಮನೆಯ ಯುವಕರು ಅದರ ಬಳಿಯೂ ಸುಳಿಯದಿರಲಿ.

ಇನ್ನೊಂದು ಎಚ್ಚರ: ಹಳೆಯ ತಂತಿಯ ದೂರವಾಣಿಗೆ ವಿದ್ಯುತ್ತು ವಿನಿಮಯ ಕೇಂದ್ರದಿಂದಲೇ ಬರುತ್ತಿತ್ತು. ಊರೇ ಕತ್ತಲಾದರೂ ಅದು ಬಾರಿಸುತ್ತಿತ್ತು. ಇದು ಹಾಗಲ್ಲ, ಕರೆಂಟು ಹೋದರೆ ರೌಟರೂ ಹೋಯಿತು, ದೂರವಾಣಿಯೂ ಹೋಯಿತು. ನಾವು ಎರಡಕ್ಕೂ ಸೇರಿ ಒಂದು ಸಣ್ಣ ಯುಪಿಎಸ್ ಇಟ್ಟಿದ್ದೇವೆ. ಇಂತಹ ಉಚಿತ ಖಾತೆಯಿಂದ 112ಕ್ಕೆ ಕರೆ ಹೋಗುವುದಿಲ್ಲವಾದುದರಿಂದ ಗುಂಡಿಗಳಿರುವ ಒಂದು ಸಾದಾ ಮೊಬೈಲನ್ನು ಉಮ್ಮನ ಹಾಸಿಗೆಯ ಪಕ್ಕದಲ್ಲಿಯೇ ಇರಿಸಿದ್ದೇವೆ.

ನಮ್ಮ ಜಮಾಅತಿನ ಕಪಾಟುಗಳು

ಈ ಘಟನೆಯ ಬಳಿಕ ನಮ್ಮ ಗಮನ ಹತ್ತಿರದ ಒಂದು ಸಂಗತಿಯ ಕಡೆಗೆ ಹೋಯಿತು. ನಮ್ಮ ಮಸೀದಿ, ಮದ್ರಸಗಳ ಕಚೇರಿಗಳಲ್ಲೂ ಈಗ ಕಂಪ್ಯೂಟರುಗಳಿವೆ. ನಿಕಾಹ್ ದಾಖಲೆ ಅದರಲ್ಲಿದೆ. ಝಕಾತ್ ಪಡೆದವರ ಹೆಸರು ಅದರಲ್ಲಿದೆ. ಗಂಡ ಹೆಂಡಿರ ಜಗಳ ಕಮಿಟಿಯ ಮುಂದೆ ಬಂದಾಗ ಬರೆದುಕೊಂಡ ಅರ್ಜಿಗಳೂ ಅದರಲ್ಲಿವೆ. ಎಡಗೈಗೆ ತಿಳಿಯದಂತೆ ಬಲಗೈ ಕೊಡಬೇಕೆಂದು ಕಲಿತ ಸಮುದಾಯ ನಾವು. ಆ ಬಲಗೈಯ ಲೆಕ್ಕವನ್ನೆಲ್ಲ ಹೊತ್ತ ಹಳೆಯ ಕಂಪ್ಯೂಟರನ್ನು ಹೊಸದು ಬಂದ ದಿನ ಗುಜರಿಗೆ ಹಾಕಿದರೆ ಏನಾದೀತು? ಅದು ಯಾವ ಅಂಗಡಿಗೆ, ಯಾವ ಮನೆಗೆ ಹೋಗಿ, ಯಾವ ಹುಡುಗನ ಮುಂದೆ ತೆರೆದುಕೊಳ್ಳುತ್ತದೆ? ಅವನು ಮೊದಲ ಸಾಲಿಗೆ ಓದುವುದನ್ನು ನಿಲ್ಲಿಸುತ್ತಾನೆಂಬ ಭರವಸೆ ಯಾರಿಗಿದೆ?

ಕೊಳ್ಳುವವನು ಅಮಾನತ್ತು ಕಾಯಬೇಕು, ನಿಜ. ಆದರೆ ಮೊದಲ ಹೊಣೆ ಕೊಡುವವನದ್ದು. ನಾವು ಈ ವಿಷಯವನ್ನು ನಮ್ಮ ಜಮಾಅತಿನ ಸಭೆಯಲ್ಲಿ ಪ್ರಸ್ತಾಪಿಸಿದೆವು. ಯಾವುದೇ ಹಳೆಯ ಕಂಪ್ಯೂಟರ್, ಮೊಬೈಲ್ ಅಥವಾ ದೂರವಾಣಿಯನ್ನು ಹೊರಗೆ ಕೊಡುವ ಮೊದಲು ಬಲ್ಲವರೊಬ್ಬರು ಅದನ್ನು ಪೂರ್ಣವಾಗಿ ಅಳಿಸಿ, ಕಾರ್ಯದರ್ಶಿಯ ಪುಸ್ತಕದಲ್ಲಿ ಸಹಿ ಹಾಕಬೇಕೆಂದು ತೀರ್ಮಾನವಾಯಿತು. ಆ ಕೆಲಸವನ್ನು ಈಗ ತಂಗಿಯ ಮಗ ರಜೆಯಲ್ಲಿ ಬಂದಾಗ ಮಾಡಿಕೊಡುತ್ತಾನೆ. ಮೊನ್ನೆ ಬಂದವನು ಕಚೇರಿಯ ಕಪಾಟಿನ ತಳದಲ್ಲಿದ್ದ ಮೂರು ಹಳೆಯ ಹಾರ್ಡ್ ಡಿಸ್ಕುಗಳನ್ನು ಹೊರತೆಗೆದ. ಅವುಗಳಲ್ಲಿ ಏನಿದೆಯೆಂದು ನೋಡೋಣವೇ ಎಂದು ಸದಸ್ಯರೊಬ್ಬರು ಕೇಳಿದಾಗ ಅವನು ಹೇಳಿದನಂತೆ: "ಯಾರದ್ದೋ ಇದೆ. ಅಷ್ಟು ಗೊತ್ತಾದರೆ ಸಾಕು."

ಅಲ್ಲಾಹನು ನಮ್ಮೆಲ್ಲರನ್ನು ವಹಿಸಿಕೊಟ್ಟದ್ದನ್ನು ಕಾಯುವವರ ಸಾಲಿನಲ್ಲಿ ಸೇರಿಸಲಿ. ಆಮೀನ್.